ತಮ್ಮನ ಸಭೆಗೆ ಬೇರೆ ಬಿಷಪ್

ಜೂನ್ ೧೪, ಶನಿವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ನೆನಪುಗಳು. ನಿನ್ನ ಮೊಣಕಾಲು ನೋವು ಹೇಗಿದೆ? ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬಿಷಪ್ ಆದಮೇಲೆ ಕೆಲಸಕ್ಕಿಂತ ಅಭಿನಂದಿಸಲು ಬರುವವರೇ ಹೆಚ್ಚು. ಅವರಿಗೆ ಚಹಾ ಮಾಡಿ ಮಾಡಿ ಕೈ ಸೋತಿದೆ.

ದೀಕ್ಷೆಯ ದಿನ ನೀನು ಬಂದೆಯಾ ಎಂದು ಬಾಗಿಲ ಕಡೆ ನೋಡಬಾರದೆಂದುಕೊಂಡಿದ್ದೆ, ಆದರೂ ನೋಡಿದೆ. ನಿನ್ನ ಹೆಂಡತಿ ಮಗಳನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳನ್ನು ಗದರಬೇಡ. ನನ್ನ ನಿಲುವಂಗಿ ಹೊಲಿದ ದರ್ಜಿಯೂ ಬಂದಿದ್ದ. ಅಳತೆ ತೆಗೆಯುವಾಗ, "ಇಷ್ಟು ವರ್ಷ ಬಿಷಪ್ಪರ ಹೊಟ್ಟೆ ಅಳೆದೇ ಅಭ್ಯಾಸ ಅಮ್ಮ, ನಿಮಗೆ ಅರ್ಧ ಬಟ್ಟೆ ಸಾಕು" ಎಂದಿದ್ದ.

ಇವರು ನಿಮ್ಮ ಬಿಷಪ್ ಆಗುವುದು ಸಮ್ಮತವೇ ಎಂದು ಆರ್ಚ್‌ಬಿಷಪ್ ಕೇಳಿದಾಗ ಎಲ್ಲರೂ ಸಮ್ಮತ ಎಂದರು. ಆರ್ಗನ್ ನುಡಿಸುವ ನಮ್ಮ ಮೇಷ್ಟ್ರು ಮಾತ್ರ ಎದ್ದು ನಿಂತರು. "ನನಗೆ ಸಮ್ಮತವಿಲ್ಲ ಅಯ್ಯನವರೇ. ಅಮ್ಮನವರ ಮೇಲೆ ಗೌರವ ಇದೆ. ಆದರೆ ಮೊದಲಿನಿಂದ ನಡೆದು ಬಂದಿದ್ದನ್ನ ಸಿನಡ್ ಮಹಾಸಭೆಯವರು ವೋಟು ಹಾಕಿ ಬದಲಾಯಿಸೋದು ಸರಿಯಲ್ಲ." ಹೇಳಬೇಕಾದ್ದನ್ನು ಹೇಳಿ, ಹೋಗಿ ಕೂತು, ಆರಾಧನೆ ಮುಗಿಯುವವರೆಗೆ ಒಂದು ಸ್ವರವೂ ತಪ್ಪದಂತೆ ನುಡಿಸಿದರು.

ಆಮೇಲೆ ಹತ್ತಿರ ಹೋಗಿ, "ಚೆನ್ನಾಗಿ ನುಡಿಸಿದ್ರಿ" ಎಂದೆ.

"ದೇವರಿಗೆ ನುಡಿಸಿದೆ."

"ನಾನೂ ಅಲ್ಲಿ ನಿಂತಿದ್ದು ಅವನಿಗೇ ಮೇಷ್ಟ್ರೇ."

ಅವರ ಮುಖ ಸ್ವಲ್ಪ ಸಡಿಲವಾಯಿತು.

ನಿನ್ನ ಚರ್ಚಿನ ಸಭೆಯ ಅರ್ಜಿ ಮೊದಲ ವಾರವೇ ಮೇಜಿಗೆ ಬಂತು. ಹೆಂಗಸಿನ ಕೈಕೆಳಗೆ ಇರಲಾರೆವು, ಬೇರೆ ಬಿಷಪ್ಪರ ಮೇಲ್ವಿಚಾರಣೆ ಬೇಕು ಎಂದು. ಕೆಳಗೆ ಸಭಾಪಾಲಕನ ಜಾಗದಲ್ಲಿ ನಿನ್ನ ರುಜು. ಕಾರ್ಯದರ್ಶಿ, "ಒಡಹುಟ್ಟಿದವರು, ಫೋನ್ ಮಾಡಿ ಎರಡು ಮಾತು ಬೈದುಬಿಡಿ" ಎಂದರು. ನನಗೆ ಕಳೆದ ಸಲ ನೀನು ಬಂದಾಗಿನ ಮಾತು ನೆನಪಾಯಿತು. ಲೋಟ ತೊಳೆಯುತ್ತಾ ನೀನು ಅಂದಿದ್ದೆ: "ನೀನು ಕೆಟ್ಟ ಪಾದ್ರಿ ಅಂತ ಯಾವತ್ತೂ ಹೇಳಿಲ್ಲ ಅಕ್ಕ. ಯೇಸು ಆರಿಸಿದ ಹನ್ನೆರಡು ಜನವೂ ಗಂಡಸರೇ. ಬದಲಾಯಿಸೋಕೆ ನಾವ್ಯಾರು?"

"ಸಮಾಧಿಯಿಂದ ಎದ್ದು ಬಂದ ಯೇಸುವಿನ ಸುದ್ದಿ ಮೊದಲು ತಂದದ್ದು ಹೆಂಗಸಲ್ಲವೇನೋ?"

"ಸುದ್ದಿ ತರೋದು ಬೇರೆ, ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಡೋದು ಬೇರೆ."

ಅರ್ಜಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಪಕ್ಕದ ಧರ್ಮಪ್ರಾಂತ್ಯದ ಬಿಷಪ್ ಇನ್ನು ನಿನ್ನ ಸಭೆಗೆ ಬರುತ್ತಾರೆ. ಮನಸ್ಸೊಪ್ಪದೆ ನೀನು ನನ್ನ ಮುಂದೆ ಮಂಡಿಯೂರಿದರೆ ಅದು ನನಗೆ ಮರ್ಯಾದೆಯಲ್ಲ. ನನ್ನನ್ನು ಗೆಲ್ಲಿಸಿದವರಲ್ಲಿ ಕೆಲವರು ನಾನು ಸೋತೆ ಎನ್ನುತ್ತಿದ್ದಾರೆ. ಅನ್ನಲಿ.

ಕಾಲಿಗೆ ಬಿಸಿನೀರಿನ ಶಾಖ ಕೊಡು. ದೇವರು ನಿನ್ನನ್ನೂ ನಿನ್ನ ಸಂಸಾರವನ್ನೂ ತಣ್ಣಗಿಟ್ಟಿರಲಿ. ಈ ಆಶೀರ್ವಾದ ಬಿಷಪ್ಪರದಲ್ಲ, ಅಕ್ಕನದು. ನೀನು ತೆಗೆದುಕೊಳ್ಳಬಹುದು.

ನಿನ್ನ
ಅಕ್ಕ

ತಾ.ಕ.: ಸಿನಡ್‌ನಲ್ಲಿ ಯಾರು ಏನಂದರೂ ನನಗೆ ತಾಕಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನ ಪ್ರಭುಭೋಜನ ಕೊಟ್ಟವಳು ನಾನು. ರೊಟ್ಟಿ ಹಿಡಿದು ನಿನ್ನ ಮುಂದೆ ಬಂದಾಗ ನೀನು ಬೇಡವೆಂದು ಎರಡೂ ಕೈ ಎದೆಗೆ ಕಟ್ಟಿ ತಲೆ ತಗ್ಗಿಸಿದೆ. ನಾನು ಪಕ್ಕದವರ ಕಡೆ ಸರಿದೆ. ಅದು ಸಿದ್ಧಾಂತ ಎಂದು ನನಗೂ ಗೊತ್ತು ಕಣೋ. ಆದರೆ ಅವತ್ತು ಆ ಸಾಲಿನಲ್ಲಿ ಅಮ್ಮನ ಮಕ್ಕಳು ನಾವಿಬ್ಬರೇ ಇದ್ದೆವು. ನಿನಗೆಂದು ಮುರಿದ ಚೂರನ್ನು ಕೊನೆಗೆ ನಾನೇ ತಿಂದೆ.