ಅಪ್ಪನ ನಲವತ್ತನೇ ದಿನ

ಕ್ಲಾತೆನ್, ಜಾವಾ, ಅಕ್ಟೋಬರ್ ೧೮, ಶುಕ್ರವಾರ

ಮಧ್ಯಾಹ್ನ ಮಸೀದಿಯಲ್ಲಿ ಪ್ರವಚನ ಕೊಟ್ಟ ಉಸ್ತಾದರ ವಾದದಲ್ಲಿ ಈಗಲೂ ಹುಳುಕು ಸಿಗುತ್ತಿಲ್ಲ. ಸತ್ತವರಿಗಾಗಿ ಊರು ಕರೆದು ಪ್ರಾರ್ಥಿಸಿ ಊಟ ಹಾಕಿರೆಂದು ಪ್ರವಾದಿಗಳು ಹೇಳಿಲ್ಲ. ಹೇಳದ್ದನ್ನು ಧರ್ಮಕ್ಕೆ ಸೇರಿಸಬೇಡಿ ಎಂದರು. ಮಸೀದಿಯಿಂದ ಬಂದವನೇ, ಇವತ್ತಿನ ಅಪ್ಪನ ನಲವತ್ತನೇ ದಿನದ ಪ್ರಾರ್ಥನೆ ಬೇಡವೆಂದೆ. ಅಮ್ಮ ತೆಂಗಿನಹಾಲಿನ ಅನ್ನದ ಒಲೆ ಆರಿಸಿದಳು.

ಪ್ರಾರ್ಥನೆ ರದ್ದಾದ ಸುದ್ದಿ ಮುಟ್ಟದ ಪಕ್ಕದ ಮನೆಯ ಗಿಮಾನ್ ಮಾವ ಸಂಜೆ ಮಡಿ ಸರೋಂಗ್ ಉಟ್ಟು ಬಂದರು. ಬಾಗಿಲಲ್ಲೇ ನಿಲ್ಲಿಸಿ ಇಡೀ ವಾದ ಒಪ್ಪಿಸಿದೆ.

“ಸರಿಯಾಗೇ ಹೇಳವ್ರೆ ಬಿಡಪ್ಪ. ನಾನೇನು ಅನ್ನಕ್ಕೆ ಬಂದಿರ್ಲಿಲ್ಲ. ನಿಮ್ಮಪ್ಪನ್ನ ನೆನೆಸ್ಕೊಂಡು ಒಂದ್ಗಳಿಗೆ ಕೂತ್ಕೊಳೋಣ ಅಂತಿದ್ದೆ.”

ಹೊರಟೇಹೋದರು. ಒಳಗೆ ಕರೆಯಬಹುದಿತ್ತು. ಸುಮ್ಮನೆ ಕೂರುವುದನ್ನು ಉಸ್ತಾದರೂ ಬೇಡವೆಂದಿರಲಿಲ್ಲವಲ್ಲ.

ಬೆಳಿಗ್ಗೆ ಹಾಸಿದ ಚಾಪೆಗಳನ್ನು ಅಮ್ಮ ಇನ್ನೂ ಸುತ್ತಿಲ್ಲ. ನಾನು ಸುತ್ತಲು ಹೋದರೆ, “ಇರ್ಲಿ ಬಿಡು ಮಗಾ, ಯಾರಾದ್ರೂ ಬಂದಾರು” ಎಂದಳು.