ಒಂದನೇ ನಂಬರಿನ ತಟ್ಟೆ

ಶನಿವಾರ, ೧೯ನೇ ತಾರೀಖು

ಮರೀ,

ಇದನ್ನು ಬರೆಯುತ್ತಿರುವವಳು ನಿನ್ನ ಅಪ್ಪನ ತಾಯಿ, ಮೂವತ್ತೊಂಬತ್ತು ವರ್ಷಗಳಿಂದ ಈ ಊಟದ ಮನೆಯ ಯಜಮಾನಿ. ಕಾರ್ಖಾನೆಯ ಮೂವತ್ತು ಜನ ದಿನಕ್ಕೆರಡು ಹೊತ್ತು ನನ್ನ ಕೈಯಡುಗೆ ಉಣ್ಣುತ್ತಾರೆ. ಕೈ ತೊಳೆಯದೆ ನನ್ನ ಹೊಸ್ತಿಲು ದಾಟಿದವರು ಯಾರೂ ಇಲ್ಲ, ಅವರ ಮೇಲಧಿಕಾರಿಯೂ ಇಲ್ಲ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಎಂದು ನಗಬೇಡ. ಮುಂದೆ ಹೇಳುವುದೆಲ್ಲ ಈ ಯಜಮಾನಿಯ ವಿಷಯವೇ.

ನಿನ್ನ ಕಾಗದಕ್ಕೆ ಉತ್ತರ ಮೂರು ವಾರ ತಡವಾಯಿತು. ತಪ್ಪು ನನ್ನದು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪನ ಕೆಮ್ಮು ನಿಂತಿದೆ, ಗೊಣಗಾಟ ನಿಂತಿಲ್ಲ. ಹಿತ್ತಲ ನಲ್ಲಿ ಸೋರುವುದನ್ನು ನಿನ್ನ ಚಿಕ್ಕಪ್ಪ ರಿಪೇರಿ ಮಾಡಿದ. ಈಗ ಎರಡು ಕಡೆ ಸೋರುತ್ತದೆ.

ವಿಷಯಕ್ಕೆ ಬರುತ್ತೇನೆ. ರಜೆಗೆ ಬಂದಾಗ ನೀನು ಏಳು ಮುಚ್ಚಳದ ತಟ್ಟೆಗಳನ್ನು ತಂದಿದ್ದೆ, ತಳದಲ್ಲಿ ಗಂಜಿ ಹೆಪ್ಪುಗಟ್ಟಿದಂತೆ ಏನೋ ಹರಡಿತ್ತು. ಮೊದಲ ವರ್ಷದವರಿಗೆ ಪಾಠದ ಅಂಗವಾಗಿ ಕೊಟ್ಟ ಕೆಲಸ, ಮನೆಯವರೆಲ್ಲ ಒಂದೊಂದರ ಮೇಲೆ ಬೆರಳೊತ್ತಬೇಕು ಎಂದೆ. "ಮೊದಲು ನನ್ನದು. ಶುದ್ಧ ಕೈ ಅಂದ್ರೆ ಹೇಗಿರುತ್ತೆ ಅಂತ ನಿಮ್ಮ ಮೇಡಂ ನೋಡಲಿ" ಎಂದು ನಾನೇ ಮುಂದೆ ಬಂದೆ. ಆಮೇಲೆ ನೀನು ಫಲಿತಾಂಶ ಬರೆದು ಕಳಿಸಿದೆ. ಎರಡನೇ ನಂಬರಿನಿಂದ ಏಳರವರೆಗೆ ಎಲ್ಲ ಇತ್ತು. ಒಂದನೇದರ ಮುಂದೆ "ಅಜ್ಜಿಯ ತಟ್ಟೆ ಕೈತಪ್ಪಿ ಒಡೆಯಿತು" ಎಂದಷ್ಟೇ ಇತ್ತು.

ಮರೀ, ಆ ತಟ್ಟೆಗಳು ಪ್ಲಾಸ್ಟಿಕ್ಕಿನವು. ಒಂದನ್ನು ನೀನು ನನ್ನ ಎದುರಿಗೇ ಬೀಳಿಸಿದ್ದೆ. ಅದು ಉರುಳಿಕೊಂಡು ಒಲೆಯ ಕೆಳಗೆ ಹೋಯಿತೇ ಹೊರತು ಬಿರುಕೂ ಬಿಡಲಿಲ್ಲ. ಸುಳ್ಳು ಹೇಳುವುದಾದರೆ ಸ್ವಲ್ಪ ಯೋಚಿಸಿ ಹೇಳಬೇಕು.

ನೀನು ತರಗತಿಯವರ ಜೊತೆ ನೀರು ಶುದ್ಧಿ ಮಾಡುವ ಕೇಂದ್ರಕ್ಕೆ ಹೋದ ಮಂಗಳವಾರವೇ ನಾನು ನಿಮ್ಮ ವಿಶ್ವವಿದ್ಯಾಲಯಕ್ಕೆ ಬಂದೆ, ಬೇಕೆಂದೇ. ಮೂರನೇ ಮಹಡಿ, ಉದ್ದದ ಓಣಿ, ಕೊನೆಯ ಬಾಗಿಲು. ಒಳಗೆ ಸ್ಪಿರಿಟ್ಟಿನ ವಾಸನೆ. ಬಾಗಿಲಲ್ಲಿ ನಿಮ್ಮ ಪ್ರಯೋಗಶಾಲೆಯ ಅಟೆಂಡರು ಅಡ್ಡ ನಿಂತ.

"ಅಮ್ಮಾ, ಇಲ್ಲಿ ಹೊರಗಿನೋರು ಏನೂ ಮುಟ್ಟೋ ಹಾಗಿಲ್ಲ."

"ಮುಟ್ಟೋದಕ್ಕೆ ಬಂದಿಲ್ಲಪ್ಪ. ನನ್ನ ಕೈ ಇಲ್ಲಿದೆ, ನೋಡೋದಕ್ಕೆ ಬಂದೆ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎರಡೂ ನಿಮ್ಮ ಹತ್ರಾನೇ ಇವೆಯಲ್ಲಮ್ಮಾ!"

ಮೇಡಂ ನಗುತ್ತ ಹೊರಗೆ ಬಂದರು. ಯಾರೆಂದು ಹೇಳಿದೆ. ನಗು ಸಣ್ಣದಾಯಿತು. ಫ್ರಿಜ್ಜಿನಿಂದ ತಟ್ಟೆ ತೆಗೆಸಿದರು. ಪಟ್ಟಿಯ ಮೇಲೆ ನಿನ್ನ ಅಕ್ಷರ: "೧. ಅಜ್ಜಿ". ಬೆರಳೊತ್ತಿದ ಕಡೆಯಲ್ಲೆಲ್ಲ ಹೊಂಬಣ್ಣದ ಚುಕ್ಕೆಗಳು, ಒಂದಕ್ಕೊಂದು ಒತ್ತಿಕೊಂಡು, ಸೂಜಿ ಚುಚ್ಚಲೂ ಜಾಗವಿಲ್ಲದಂತೆ.

"ಭಯ ಪಡಬೇಡಿ. ಎಷ್ಟೋ ಜನರ ಮೂಗಲ್ಲಿ, ಚರ್ಮದ ಮೇಲೆ ಈ ಸೂಕ್ಷ್ಮಾಣು ಸುಮ್ನೆ ಇರುತ್ತೆ" ಎಂದರು ಮೇಡಂ.

"ಭಯ ಯಾರಿಗೆ? ನಾನು ದಿನಕ್ಕೆ ಇಪ್ಪತ್ತು ಸಲ ಕೈ ತೊಳೀತೀನಿ. ಇದು ಹೇಗೆ ಬಂತು, ಅದನ್ನ ಹೇಳಿ."

"ಮನೇಲಿ ತೊಳೆಯೋ ಹಾಗೇ ಇಲ್ಲಿ ತೊಳೆದು ತೋರಿಸಿ."

ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಅಟೆಂಡರಿಗೂ ಮೆಚ್ಚುಗೆಯಾಯಿತು. ಮೇಡಂ ಒಂದು ಹೊಸ ತಟ್ಟೆ ಕೊಟ್ಟರು, ಒದ್ದೆ ಬೆರಳೊತ್ತಿದೆ. ಆಮೇಲೆ ಅಭ್ಯಾಸದಂತೆ, ಬೆಳಗಿನ ಅಡುಗೆ ಮುಗಿಸಿ ಹಾಗೇ ಸಿಕ್ಕಿಸಿಕೊಂಡು ಬಂದಿದ್ದ ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡೆ.

"ಅದೇನಮ್ಮಾ?"

"ಕೈಬಟ್ಟೆ. ದಿನಾ ಒಗೀತೀನಿ."

"ಬೆಳಿಗ್ಗೆಯಿಂದ ಅದರಲ್ಲಿ ಏನೇನು ಒರೆಸಿದ್ರಿ?"

ನೆನಪಿಸಿಕೊಂಡು ಹೇಳಿದೆ: ಚಾಕು, ಹಲಗೆ, ಸೌಟಿನ ಹಿಡಿ, ಹಣೆಯ ಬೆವರು, ಶೀತವಾಗಿದ್ದರಿಂದ ಮೂಗು. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ಮೇಡಂ ಇನ್ನೊಂದು ತಟ್ಟೆ ಮುಂದಿಟ್ಟರು. ಒರೆಸಿದ ಬೆರಳೊತ್ತಿದೆ. ಎರಡನ್ನೂ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ನಾಳೆ ಬನ್ನಿ ಎಂದರು. ಅಂದು ನನ್ನ ತಂಗಿಯ ಮನೆಯಲ್ಲಿ ಉಳಿದೆ. ಅವಳಿಗೆ ಮಂಡಿನೋವಿನ ಡಾಕ್ಟರ ಹತ್ತಿರ ಬಂದೆ ಎಂದೆ. ಆ ಸುಳ್ಳು ಒಡೆಯಲಿಲ್ಲ.

ಮರುದಿನ ನೀನು ತರಗತಿಯಲ್ಲಿದ್ದ ಹೊತ್ತಿಗೆ ಬಂದು ನೋಡಿದೆ. ತೊಳೆದ ಕೈಯ ತಟ್ಟೆಯಲ್ಲಿ ಐದೇ ಚುಕ್ಕೆ. ಒರೆಸಿದ ಕೈಯದರಲ್ಲಿ ಎಣಿಸಲಾಗಲಿಲ್ಲ. ಮೇಡಂ ಅದರಿಂದ ಕಣದಷ್ಟು ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೇರಳೆ ಬಣ್ಣದ ಪುಟ್ಟ ಗುಂಡುಗಳು, ದ್ರಾಕ್ಷಿ ಗೊಂಚಲಿನ ಹಾಗೆ. ನೋಡಲು ಚೆಂದವೇ ಇತ್ತು.

ಇವು ಏನು ಮಾಡುತ್ತವೆ ಎಂದು ಕೇಳಿದೆ. ಮೇಡಂ ನಿಮ್ಮ ಪಠ್ಯಪುಸ್ತಕದ ಒಂದು ಪುಟ ತೆರೆದುಕೊಟ್ಟರು. ನಾನು ಹೈಸ್ಕೂಲು ಓದಿದವಳು, ಓಣಿಯ ಬೆಂಚಿನ ಮೇಲೆ ಕುಳಿತು ನಿಧಾನವಾಗಿ ಓದಿದೆ. ಇವು ಕೈಯಿಂದ ಬೆಂದ ಆಹಾರಕ್ಕೆ ಸೇರಿ, ಅದು ಬೆಚ್ಚಗೆ ಕೆಲವು ಗಂಟೆ ಕುಳಿತರೆ, ಅಲ್ಲೇ ವಿಷ ಕಟ್ಟುತ್ತದೆಯಂತೆ. ಆಮೇಲೆ ಮತ್ತೆ ಬಿಸಿ ಮಾಡಿದರೂ ವಿಷ ಹೋಗುವುದಿಲ್ಲ. ಉಂಡ ಎರಡು ಮೂರು ಗಂಟೆಗೆ ವಾಂತಿ. ಆ ಪುಟವನ್ನು ಮೂರು ಸಲ ಓದಿದೆ.

ನೀನು ಆಗ ತೊಟ್ಟಿಲಲ್ಲಿದ್ದೆ. ಒಂದು ಮಧ್ಯಾಹ್ನ ನಮ್ಮಲ್ಲಿ ಉಂಡ ಇಪ್ಪತ್ತಾರು ಜನ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ವಾಂತಿ ಮಾಡಿಕೊಂಡರು. ಬೆಳಿಗ್ಗೆ ಆಲೂಗಡ್ಡೆ ಬೇಯಿಸಿ ಸಿಪ್ಪೆ ತೆಗೆದವಳು ನಿನ್ನ ಅಮ್ಮ. ಅದು ಮಧ್ಯಾಹ್ನದವರೆಗೆ ಒಲೆಯ ಪಕ್ಕ ಮುಚ್ಚಿಟ್ಟಿತ್ತು. "ಮಗುವಿನ ಬಟ್ಟೆ ಬದಲಾಯಿಸಿದ ಕೈಯಲ್ಲೇ ಆಲೂಗಡ್ಡೆ ಮುಟ್ಟಿದೀಯ. ನಿನ್ನ ಕೈ ಈ ಒಲೆಗೆ ಆಗೋದಿಲ್ಲ" ಎಂದು ನಾನು ಎಲ್ಲರ ಎದುರು ಹೇಳಿದೆ. ಅಂದಿನಿಂದ ಹದಿನೆಂಟು ವರ್ಷ ಅವಳು ಹಿತ್ತಲಲ್ಲಿ ತರಕಾರಿ ಹೆಚ್ಚಿದ್ದಾಳೆ, ಪಾತ್ರೆ ಬೆಳಗಿದ್ದಾಳೆ. ಬೆಂದದ್ದನ್ನು ಮುಟ್ಟಿಲ್ಲ. ಅಮ್ಮ ಯಾಕೆ ಒಳಗೆ ಅಡುಗೆ ಮಾಡುವುದಿಲ್ಲ ಎಂದು ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಅವಳಿಗೆ ಬರುವುದಿಲ್ಲ ಎಂದು ನಾನು ಹೇಳಿದ್ದೆ.

ಮೇಡಮ್ಮಿಗೆ ಇದನ್ನು ಹೇಳಿದೆ. "ಇವತ್ತಿನ ತಟ್ಟೆ ನೋಡಿ ಅವತ್ತಿಂದು ಹೇಳೋಕಾಗಲ್ಲಮ್ಮಾ" ಎಂದರು. ಅದು ಅವರ ಶಾಸ್ತ್ರದ ಪ್ರಾಮಾಣಿಕತೆ, ಅವರ ಹತ್ತಿರ ಕಲಿ. ಅವರಿಗೆ ಹೇಳಲಾಗದು, ಸರಿ.

ಮನೆಗೆ ಬಂದು ಸೊಂಟದ ಬಟ್ಟೆಯನ್ನು ಒಲೆಗೆ ಹಾಕಿದೆ. ಚಾಕುವಿಗೆ ಒಂದು, ಹಲಗೆಗೆ ಒಂದು ಬಟ್ಟೆ ಬೇರೆ ಬೇರೆ ಮಾಡಿದ್ದೇನೆ. ಕೈಗೆ ಬಟ್ಟೆಯೇ ಇಲ್ಲ, ಗಾಳಿಗೆ ಆರಬೇಕು. ನಿನ್ನ ಚಿಕ್ಕಪ್ಪ ಕೈ ಜಾಡಿಸುತ್ತ ಓಡಾಡುವುದನ್ನು ನೋಡಿದರೆ ಕೋಳಿ ರೆಕ್ಕೆ ಬಡಿದಂತಿದೆ.

ಚೆನ್ನಾಗಿ ಓದು. ಕಂಡದ್ದನ್ನು ಕಂಡ ಹಾಗೆ ಬರೆ, ನನ್ನದಾದರೂ. ಒಂದನೇ ನಂಬರನ್ನು ನಿನ್ನ ಪುಸ್ತಕದಲ್ಲಿ ಸೇರಿಸು, ಇದು ನನ್ನ ಅಪ್ಪಣೆ. ನಿನಗೆ ಒಳ್ಳೆಯದಾಗಲಿ, ನನಗಿಂತ ಗಟ್ಟಿಯಾಗಿ, ನನಗಿಂತ ಬೇಗ ಕಲಿಯುವವಳಾಗು.

ನಿನ್ನ
ಅಜ್ಜಿ

ಮರೆತಿದ್ದು: ಮರೆತಿರಲಿಲ್ಲ, ಮೇಲೆ ಬರೆಯಲಾಗಲಿಲ್ಲ. ಆ ದಿನ ನನ್ನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ಕೀವು ತುಂಬಿತ್ತು. ಆಲೂಗಡ್ಡೆಯ ಸಿಪ್ಪೆ ತೆಗೆದವಳು ನಿನ್ನ ಅಮ್ಮ, ಬೆಳಿಗ್ಗೆಯೇ ಹಿಸುಕಿ ಒಲೆಯ ಪಕ್ಕ ಮುಚ್ಚಿಟ್ಟವಳು ನಾನು. ಬರಿಗೈಯಲ್ಲಿ ಹಿಸುಕಿದರೇ ನನಗೆ ಸಮಾಧಾನ, ಆದ್ದರಿಂದ ಬೆರಳಿನ ಕಟ್ಟು ಬಿಚ್ಚಿಟ್ಟಿದ್ದೆ. ಆ ಕಟ್ಟು ಕಟ್ಟಿದವಳು ಯಾರು ಗೊತ್ತೇ? ನಾಲ್ಕು ದಿನ, ಪ್ರತಿ ಬೆಳಿಗ್ಗೆ, ಬಿಸಿನೀರಿನಲ್ಲಿ ಬೆರಳು ಅದ್ದಿಸಿ, ನೋಯದ ಹಾಗೆ ಕಟ್ಟಿದವಳು ನಿನ್ನ ಅಮ್ಮ. ಅವಳು ಎಲ್ಲ ನೋಡಿದ್ದಳು. ನನ್ನ ತಟ್ಟೆ ಒಡೆಯಿತೆಂದು ಬರೆಯಲು ನಿನಗೆ ಹೇಳಿಕೊಟ್ಟವಳೂ ಅವಳೇ ಎಂದು ಗುರುವಾರ ಗೊತ್ತಾಯಿತು.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಹೆಚ್ಚುವುದನ್ನು ನಿಲ್ಲಿಸದೆ ಹೇಳಿದಳು: "ಹೇಳಿದ್ರೆ ಕೇಳ್ತಿದ್ರಾ, ಅತ್ತೆ?"

ನಿನ್ನೆ ಮಧ್ಯಾಹ್ನ ಮೂವತ್ತು ಜನ ಊಟಕ್ಕೆ ಕುಳಿತಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಬೆರಳು ತೋರಿಸಿ. ಕೀಲಿಗೊಂಚಲನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಬೇಡವೆನ್ನಲಿಲ್ಲ, ಅಳಲೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಹೋಗಿ ನಿಂತಳು. ನಾನು ಬಡಿಸಲೆಂದು ಸೌಟಿಗೆ ಕೈ ಹಾಕಿದೆ.

"ಅತ್ತೆ, ಕೈ ತೊಳ್ಕೊಂಡು ಬನ್ನಿ" ಎಂದಳು.

ತೊಳೆದುಕೊಂಡು ಬಂದೆ. ಒರೆಸಿಕೊಳ್ಳಲಿಲ್ಲ.