ಎರಡು ಪಾತ್ರೆ ಬೇಯುವಷ್ಟು ಹೊತ್ತು

ಮಾರ್ಚ್ 3, ಸೋಮವಾರ

ಮತ್ತೆ ಮೂವತ್ತು ಈಜು ಮಾಸ್ಕ್ ತೊಳೆದೆ. ಅತಿಥಿಗಳ ಉಗುಳು, ನನ್ನ ಕೈ. ದಡದಂಚಿನ ಕಡಲಲ್ಲಿ ಬಾವಿಯಂತೆ ಆಳವಾದ ನೀಲಿ ಗುಂಡಿಗೆ ರಿಸಾರ್ಟಿನವರು ಹಗ್ಗ ಸುತ್ತಿ ಹನ್ನೆರಡು ವರ್ಷವಾಯಿತು. ಒಳಗೆ ಅತಿಥಿಗಳು, ರಿಸಾರ್ಟಿನವರು ಬಿಟ್ಟ ಹೊತ್ತಿಗೆ, ಉಸಿರುಕೊಳವೆ ಕಚ್ಚಿಕೊಂಡು ತೇಲುತ್ತಾರೆ. ಈ ಆಂಡ್ರೋಸ್ ದ್ವೀಪದಲ್ಲೇ ಹುಟ್ಟಿದ ನನ್ನ ವಯಸ್ಸಿನವರು ಅದರಲ್ಲಿ ಒಮ್ಮೆಯೂ ಇಳಿದಿಲ್ಲ.

ಶನಿವಾರ ರಾಜಧಾನಿಯಿಂದ ಅಧಿಕಾರಿ ಬರುತ್ತಾರೆ. 'ಈ ಗುಂಡಿಯಿಂದ ಊರಿನವರಿಗೆ ಯಾವ ಉಪಯೋಗವೂ ಇಲ್ಲ' — ರಿಸಾರ್ಟಿನ ಅರ್ಜಿ. ಅಧಿಕಾರಿ ಹೌದೆಂದು ಬರೆದುಕೊಂಡರೆ ಇನ್ನು ತೊಂಬತ್ತೊಂಬತ್ತು ವರ್ಷ ಆ ಹಗ್ಗ ಬಿಚ್ಚುವುದಿಲ್ಲ. ಅವರ ಕಣ್ಣೆದುರೇ ಇಳಿಯಬೇಕು. ಊರಿಗೆ ಊರೇ. ಎಲ್ಲರ ಮುಂದೆ ತಂಗಿ ವೆರ್ಡೆಲ್. ಹೊರಗಡಲಲ್ಲಿ ಅವಳಷ್ಟು ಆಳ ಮುಳುಗುವವರಿಲ್ಲ.

ಉಬ್ಬರವಿಳಿತದ ಪಟ್ಟಿ ನೋಡಿದೆ. ಶನಿವಾರ ಹತ್ತಕ್ಕೆ ನೀರಿನ ಸೆಳೆತ ನಿಲ್ಲುತ್ತದೆ, ಇಳಿಯಲು ಅದೇ ಹೊತ್ತು. ಕರಪತ್ರದಲ್ಲಿ ದಪ್ಪಕ್ಷರ: ಹತ್ತು ಗಂಟೆಗೆ ಎಲ್ಲರೂ ನೀರಿಗೆ!

ಮಾರ್ಚ್ 4

ಸಿಪ್ರಿಯನ್ ಮಾವ ಶಂಖದಿಂದ ಮಾಂಸ ಬಿಡಿಸುತ್ತಾ ಕರಪತ್ರ ಓದಿಸಿಕೊಂಡ.

"ಹತ್ತಕ್ಕಾ? ಗುಂಡಿಯೊಳಗಿನ ಲುಸ್ಕಾ ಬಿಡ್ತಾಳೇನೋ? ಕಡಲು ನಿಂತ ಮೇಲೂ ಅವಳು ಉಸಿರು ಎಳೀತಾನೇ ಇರ್ತಾಳೆ. ಎರಡು ಪಾತ್ರೆ ತೊಗರಿಕಾಳಿನ ಅನ್ನ ಬೇಯೋ ತನಕ. ಒಂದಾದ ಮೇಲೊಂದು."

"ಆ ರಾಕ್ಷಸಿ ಕತೆ ಕಟ್ಟಿದ್ದೇ ಧಣಿಗಳು, ಮಾವ. ನಿಮ್ಮನ್ನ ಹೆದರಿಸೋಕೆ."

"ಇರ್ಲಿ ಬಿಡು. ನಿನ್ನ ಪಟ್ಟಿಗೆ ಈಜು ಬರುತ್ತಾ?"

ಕೂತವರೆಲ್ಲ ನಕ್ಕರು. ಮೈ ಉರಿಯಿತು. ಕರಪತ್ರದ ತಲೆಬರಹ ಬದಲಿಸಿ ಇನ್ನೂರು ಪ್ರತಿ ತೆಗೆಸಿದೆ: ಲುಸ್ಕಾ ಸುಳ್ಳು. ಹೆದರಿಕೆ ಧಣಿಗಳ ಆಯುಧ.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಮಾವನ ಬಾಯಿ ಮುಚ್ಚಿಸಲೆಂದೇ ಹೋದೆ. ಪಟ್ಟಿಯ ಪ್ರಕಾರ ಇವತ್ತು ಒಂಬತ್ತಕ್ಕೆ ನೀರು ನಿಲ್ಲಬೇಕು. ಹೊರಗೆ ಕಡಲು ಕನ್ನಡಿ. ಬಂಡೆಯ ಮೇಲಿಂದ ಗುಂಡಿಗೆ ತೆಂಗಿನ ಸಿಪ್ಪೆ ಎಸೆದೆ. ಸುತ್ತಿತು... ಸುತ್ತಿತು... ಒಳಗೆ ಹೋಯಿತು. ಮತ್ತೊಂದು. ಅದೂ. ಹನ್ನೊಂದೂವರೆಗೆ ಎಸೆದದ್ದು ಮಾತ್ರ ಅಲುಗದೆ ತೇಲಿತು.

ಅಮ್ಮನನ್ನು ಕೇಳಿದೆ, ಒಂದು ಪಾತ್ರೆ ಬೇಯಲು ಎಷ್ಟು ಹೊತ್ತು? "ಒಂದೂಕಾಲು ಗಂಟೆ. ಯಾಕೋ, ಹಸಿವಾ?"

ಎರಡು ಪಾತ್ರೆ. ಎರಡೂವರೆ ಗಂಟೆ.

ಇನ್ನೂರು ಕರಪತ್ರ. ನನ್ನ ಕೈಯಾರೆ ಬರೆದದ್ದು. ನಾಳೆ ಎಲ್ಲರೆದುರೇ ಹೇಳಬೇಕು.

ಮಾರ್ಚ್ 8, ಶನಿವಾರ, 10.20

ಬಂಡೆಯ ಮೇಲೆ ಕೂತೇ ಬರೆಯುತ್ತಿದ್ದೇನೆ.

ನಲವತ್ತು ಜನ ಬಂದಿದ್ದರು. ಬಂಡೆ ಹತ್ತಿ ಕೂಗಿದೆ — ಗುಂಡಿ ಎಳೆಯುತ್ತಿದೆ, ಹನ್ನೆರಡೂವರೆ ತನಕ ಯಾರೂ ಇಳಿಯಬೇಡಿ, ನಾನು ಬರೆದದ್ದು ತಪ್ಪು.

ವೆರ್ಡೆಲ್ ಆಗಲೇ ಮೊಣಕಾಲುದ್ದ ನೀರಿನಲ್ಲಿದ್ದಳು. "ಏನಣ್ಣಾ, ರಿಸಾರ್ಟಿನವರು ಕಾಫಿ ಕುಡಿಸಿದ್ರಾ?"

"ಕಣ್ಣಾರೆ ನೋಡ್ದೆ ಕಣೇ!"

"ಹೆದರಿಕೆ ಧಣಿಗಳ ಆಯುಧ. ಯಾರಪ್ಪ ಬರೆದದ್ದು?"

ಚಪ್ಪಾಳೆ. ನನ್ನದೇ ವಾಕ್ಯ, ನನ್ನದೇ ಕೆನ್ನೆಗೆ. ಅವಳು ಮಾಸ್ಕ್ ಎಳೆದುಕೊಂಡು ಸೊಂಟದುದ್ದ ನೀರಿಗೆ ಹೋದಳು. ಇನ್ನು ನಾಲ್ಕು ಹೆಜ್ಜೆಗೆ ಗುಂಡಿ.

ಚೀಲದಲ್ಲಿ ಉಳಿದ ಕರಪತ್ರಗಳನ್ನೆಲ್ಲ ಅವಳ ಮುಂದೆ ನೀರಿಗೆ ಸುರಿದೆ.

ಹರಡಿದವು. ಆಮೇಲೆ ಒಂದರ ಹಿಂದೊಂದು ಸಾಲುಗಟ್ಟಿದವು. ನಡುವೆ ಹೋಗಿ ಸುತ್ತಿದವು. 'ಲುಸ್ಕಾ ಸುಳ್ಳು' — ಒಂದು ತಲೆಕೆಳಗಾಗಿ ಇಳಿಯಿತು. ಮತ್ತೊಂದು. ನೀರಿನ ಮೇಲೆ ಒಂದೂ ಉಳಿಯಲಿಲ್ಲ.

ವೆರ್ಡೆಲ್ ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ದಡಕ್ಕೆ ಬಂದಳು. ನನ್ನನ್ನು ನೋಡಲಿಲ್ಲ. "ಮಾವಾ, ಪಾತ್ರೆ ಇಟ್ಟು ಎಷ್ಟೊತ್ತಾಯ್ತು?"

"ಮೊದಲ್ನೇದು ಈಗ ಕುದೀತಿದೆ. ಕೂತ್ಕೋ ಮಗಳೇ."

11.50

ರಿಸಾರ್ಟಿನ ಮ್ಯಾನೇಜರ್, ದೋಣಿಯಲ್ಲಿ ಬಂದಿಳಿದ ಅಧಿಕಾರಿಗೆ ನಮ್ಮನ್ನೇ ತೋರಿಸುತ್ತಿದ್ದಾನೆ. "ನೋಡಿ ಸಾರ್, ಬಂದು ಕೂತಿದಾರೆ. ಒಬ್ರಾದ್ರೂ ಇಳಿದ್ರಾ? ಈ ಜನಕ್ಕೆ ಇದು ಬೇಡವೇ ಬೇಡ." ಅಧಿಕಾರಿ ಬರೆದುಕೊಳ್ಳುತ್ತಿದ್ದಾರೆ. ನಾಲ್ಕೈದು ಜನ ಎದ್ದು ನಿಂತರು. ಮಾವ ಏಳಲಿಲ್ಲ. ಅವನನ್ನು ನೋಡಿ ಮತ್ತೆ ಕೂತರು.

12.15

ಅಧಿಕಾರಿ ಫೈಲ್ ಮುಚ್ಚಿದರು. ದೋಣಿ ಸ್ಟಾರ್ಟ್ ಮಾಡಲು ಹೇಳಿದರು. ಇನ್ನು ಹದಿನೈದು ನಿಮಿಷ... ಕೊಡುತ್ತಾರೆಯೇ?

12.31

ಅಧಿಕಾರಿಯ ಒಂದು ಕಾಲು ದೋಣಿಯಲ್ಲಿ. ಮಾವ ಎಸೆದ ಸಿಪ್ಪೆ ನಿಂತಲ್ಲೇ ನಿಂತಿದೆ. ಎಪ್ಪತ್ತು ದಾಟಿದವನು ಅಂಗಿ ಬಿಚ್ಚಿದ. "ಲುಸ್ಕಾ ಮಲಗಿದ್ಲು. ಕಾಲು ಗಂಟೆ ನಿದ್ದೆ, ಅಷ್ಟೇ. ಬನ್ರೋ!" ಧುಮುಕಿದ. ವೆರ್ಡೆಲ್ ಹಗ್ಗ ಎತ್ತಿ ಹಿಡಿದಿದ್ದಾಳೆ, ಎಲ್ಲರೂ ಅದರಡಿ ನುಗ್ಗುತ್ತಿದ್ದಾರೆ. ಅಧಿಕಾರಿ ತಿರುಗಿ ನೋಡಿದರು. ಕಾಲು ಮತ್ತೆ ದಡಕ್ಕೆ. ಫೈಲ್ ಬಿಚ್ಚುತ್ತಿದ್ದಾರೆ.

"ಅಣ್ಣಾ, ಬರೆದದ್ದು ಸಾಕು, ಇಳಿಯೋ!"

ಇಳಿ—